ಅಮ್ಮನ ಪಾಲಿನ ಮಾವು

ಸೋಲಾರ್ ಕಂಪೆನಿಯ ಇಂಜಿನಿಯರ್ ರಾಯ್‌ಸ್ಟನ್ ಟೆರೇಸಿನಲ್ಲಿ ನಿಂತು, ಫೋನನ್ನು ಆಕಾಶಕ್ಕೆ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿದ. ಆಮೇಲೆ ಕೆಳಗಿಳಿದು ಬಂದು, ಜಗಲಿಯಲ್ಲಿ ಕೂತು, ಚಾದ ಲೋಟ ಕೈಗೆ ಬಂದ ಮೇಲೆ ಬಾಯಿ ಬಿಟ್ಟ.

“ಎಲ್ಲ ಸರಿ ಉಂಟು ಮೇಡಂ. ಆ ಮಾವಿನ ಮರ ಒಂದು ತೆಗೆಸಿದರೆ ಆಯ್ತು.”

ವಿಜೇತಾ ಉತ್ತರಿಸುವ ಮೊದಲೇ, ಜಗಲಿಯ ಇನ್ನೊಂದು ತುದಿಯಲ್ಲಿ ಗುಳ್ಳ ಬದನೆ ಹೆಚ್ಚುತ್ತಿದ್ದ ಅವಳ ತಾಯಿ ಮನೋರಮಾ ಮಾತು ತೆಗೆದರು.

“ಅದನ್ನು ತೆಗೆಯುವ ದಿನ ಉಂಟು ಮಾರಾಯ. ಆ ದಿನ ನಿನಗೆ ಚಾ ಕೊಡಲಿಕ್ಕೆ ನಾನು ಇರುವುದಿಲ್ಲ, ಅಷ್ಟೆ.”

ರಾಯ್‌ಸ್ಟನ್ ಇಬ್ಬರ ಮುಖವನ್ನೂ ನೋಡಿದ. ವಿಜೇತಾ ವಿವರಿಸಬೇಕಾಯಿತು. “ನಮ್ಮಲ್ಲಿ ಮನೆಯ ಹಿರಿಯರು ತೀರಿಕೊಂಡರೆ ಹಿತ್ತಿಲಿನ ಮಾವಿನ ಮರ ಕಡಿದು, ಅದರ ಕಟ್ಟಿಗೆಯಲ್ಲೇ ಸುಡುವುದು. ಬೇರೆ ದಿನ ಅದಕ್ಕೆ ಕೊಡಲಿ ಮುಟ್ಟಿಸುವುದಿಲ್ಲ. ಇದು ಅಮ್ಮನ ಪಾಲಿನ ಮರ.”

“ಅಂದರೆ ಬುಕ್ಕಿಂಗ್ ಆಗಿದೆ.”

“ಹ್ಞಾಂ, ಬುಕ್ಕಿಂಗ್,” ಎಂದು ಮನೋರಮಾ ನಕ್ಕರು. “ತಾರೀಕು ಮಾತ್ರ ಹಾಕಲಿಲ್ಲ.”

ವಿಜೇತಾ ನಗಲಿಲ್ಲ. ಈ ಮಾತಿನ ಹತ್ತಿರ ಬಂದಾಗಲೆಲ್ಲ ಅವಳು ದಾರಿ ಬದಲಿಸುತ್ತಿದ್ದಳು.

ಹಿತ್ತಿಲಿನಲ್ಲಿ ಮೊದಲು ಎರಡು ಮಾವಿನ ಮರಗಳಿದ್ದವು. ಪಡುಬದಿಯದ್ದು ಅಪ್ಪನ ಜೊತೆಗೆ ಹೋಗಿತ್ತು. ಆಟಿ ತಿಂಗಳ ಜಡಿಮಳೆಯಲ್ಲಿ ಅಪ್ಪ ತೀರಿಕೊಂಡ ಬೆಳಿಗ್ಗೆ ನೆಂಟರು ಬಂದು ಅದನ್ನು ಕಡಿದರು. ಮಧ್ಯಾಹ್ನಕ್ಕೆ ಅಲ್ಲಿ ಬರೀ ಬೆಳಕು ಉಳಿದಿತ್ತು. ಮುಂದಿನ ಬೇಸಿಗೆಯಲ್ಲಿ ಆ ಬದಿಯ ಕೋಣೆ ಸಂಜೆಯಾದರೆ ಒಲೆಯ ಹಾಗೆ ಕಾಯತೊಡಗಿತು. ಕಾಪುವಿನ ಕಡಲಿನಿಂದ ಬರುವ ಗಾಳಿ ಅದೇ, ಗೋಡೆ ಅದೇ. ಉಡುಪಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ವಿಜೇತಾ ಥರ್ಮಾಮೀಟರ್ ಇಟ್ಟು ನೋಡಿದ್ದಳು. ಒಂದು ಮರ ಎಷ್ಟು ಕೆಲಸ ಮಾಡುತ್ತಿತ್ತು ಎಂಬುದು ಅವಳಿಗೆ ಅದು ಹೋದ ಮೇಲೆ ತಿಳಿಯಿತು.

ಮನೆಯನ್ನು ಬದಲಿಸುವ ಕೆಲಸ ಶುರುವಾದದ್ದು ಆ ಕೋಣೆಯಿಂದಲೇ. ಅಂಗಳದ ಒಂದು ಬದಿಯ ಇಂಟರ್‌ಲಾಕ್ ಕಲ್ಲುಗಳನ್ನು ಎಬ್ಬಿಸಿ ಅಡಿಯ ಮಣ್ಣನ್ನು ತೆರೆದಳು. ಮಾಡಿನ ನೀರು ಮರಳು ಮತ್ತು ಇದ್ದಿಲಿನ ತೊಟ್ಟಿಯ ಮೂಲಕ ಬಾವಿಗೆ ಹೋಯಿತು. ತರಗೆಲೆಗೆ ಬೆಂಕಿ ಹಾಕುವುದು ನಿಂತಿತು. ಅಡಿಗೆಮನೆಯ ಹಿಂದೆ ಗೋಬರ್ ಗ್ಯಾಸಿನ ಒಂದು ಪ್ಲಾಸ್ಟಿಕ್ ಡ್ರಮ್ ಬಂತು. ಸೊಪ್ಪಿನ ದಂಟು, ಬಾಳೆಸಿಪ್ಪೆ, ಹಳಸಿದ ಅನ್ನ ಎಲ್ಲ ಅದಕ್ಕೆ. ಮನೋರಮಾ ಅದಕ್ಕೆ ವಿಜೇತಾಳ ಎಮ್ಮೆ ಎಂದು ಹೆಸರಿಟ್ಟರು. “ನಿನ್ನ ಎಮ್ಮೆಗೆ ಇವತ್ತು ಹಲಸಿನ ಸಿಪ್ಪೆ ಹಾಕಿದ್ದೇನೆ, ಅಜೀರ್ಣ ಆದರೆ ನನ್ನನ್ನು ಕೇಳಬೇಡ,” ಎನ್ನುತ್ತಿದ್ದರು. ವಿಜೇತಾಳ ಗಂಡ ಸುಕೇಶ್ ಕಾರ್ಕಳದ ಸೊಸೈಟಿಯೊಂದರಲ್ಲಿ ಮ್ಯಾನೇಜರ್. ಸಂಜೆ ಮನೆಗೆ ಬಂದವನು ಮೊದಲು ಎಮ್ಮೆಯ ಆರೋಗ್ಯ ವಿಚಾರಿಸುತ್ತಿದ್ದ.

ಇಷ್ಟೆಲ್ಲ ಮಾಡಿದವಳಿಗೆ ಒಂದು ಪ್ರಶ್ನೆಯನ್ನು ಕೇಳಲು ಮಾತ್ರ ಆಗಿರಲಿಲ್ಲ. ಅಮ್ಮ, ನಿನ್ನ ನಂತರ ಈ ಮರವನ್ನು ಬಿಟ್ಟುಬಿಡಬಹುದಾ? ‘ನಿನ್ನ ನಂತರ’ ಎನ್ನದೆ ಅದನ್ನು ಕೇಳುವ ದಾರಿ ಇರಲಿಲ್ಲ. ಕೇಳದೆ ಇದ್ದರೆ ಒಂದು ದಿನ ನೆಂಟರು ಕೊಡಲಿ ಹಿಡಿದು ಬರುತ್ತಾರೆ. ಆಗ ಬೇಡ ಎನ್ನಲು ತನ್ನಲ್ಲಿ ಅಧಿಕಾರವೂ ಇರುವುದಿಲ್ಲ, ನಾಲಗೆಯೂ ಇರುವುದಿಲ್ಲ. ಅಮ್ಮ ಹೋಗುವ ದಿನವೇ ಮರವೂ ಹೋಗಬೇಕು ಎಂಬುದನ್ನು ಅವಳು ವರ್ಷಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಳು.

ರಾಯ್‌ಸ್ಟನ್ ಹೋದ ಮೇಲೆ ಅವಳು ಟೆರೇಸಿಗೆ ಹತ್ತಿ ದಾರ ಹಿಡಿದು ಅಳೆದಳು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಾಗ ಬೆಳಗಿನ ನೆರಳು ಮೊದಲ ಸಾಲಿನ ಮೇಲೆ ಬೀಳುತ್ತದೆ. ಸಾಲಿನಲ್ಲಿ ಒಂದು ಪ್ಯಾನೆಲ್ ನೆರಳಿಗೆ ಸಿಕ್ಕಿದರೆ ಇಡೀ ಸಾಲು ಸೊರಗುತ್ತದೆ. ಆದರೆ ಆ ನೆರಳು ಇಡೀ ಮರದ್ದಲ್ಲ. ಟೆರೇಸಿನ ಕಡೆಗೆ ಚಾಚಿದ್ದ ಒಂದೇ ದಪ್ಪ ಕೊಂಬೆಯದ್ದು. ಉಳಿದ ಮರ ಹಾಗೇ ನಿಲ್ಲಬಹುದು. ಅವಳಿಗೆ ಹಗುರವಾಯಿತು. ಕೊಂಬೆ ಎಂದರೆ ಮರವಲ್ಲ.

“ಅಮ್ಮ, ಒಂದು ಕೊಂಬೆ ಮಾತ್ರ.”

“ನಿನಗೆ ಕಂಡ ಹಾಗೆ ಮಾಡು ಮಗಾ,” ಎಂದರು ಮನೋರಮಾ. ಅದು ಒಪ್ಪಿಗೆಯೋ ಬೇಸರವೋ ಅವರ ಮುಖದಲ್ಲಿ ಬರೆದಿರಲಿಲ್ಲ.

ಮರ ಕಡಿಯುವ ಲಕ್ಷಿತ್‌ಗೆ ಹೇಳಿದ್ದಾಯಿತು. ಅಷ್ಟರಲ್ಲಿ ಮನೋರಮಾರಿಗೆ ಕೆಮ್ಮು ಹಿಡಿಯಿತು, ಜ್ವರ ಬಂತು, ಉಸಿರು ಕಟ್ಟಿದಂತಾಗಿ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಈ ಕಡೆಯಲ್ಲಿ ‘ಮಣಿಪಾಲಕ್ಕೆ ಹಾಕಿದ್ದಾರಂತೆ’ ಎಂದರೆ ಕೇಳಿದವರು ಸ್ವರ ತಗ್ಗಿಸುತ್ತಾರೆ. ಒಂದು ವಾರ ಕಳೆದು ಶುಕ್ರವಾರ ಕತ್ತಲಾಗುವಾಗ ಅವರನ್ನು ಕಾರಿನಲ್ಲಿ ಮನೆಗೆ ತಂದದ್ದನ್ನು ಯಾರೂ ನೋಡಲಿಲ್ಲ. ಅವರು ಗಂಜಿ ಕುಡಿದು ಮಲಗಿದರು.

ಶನಿವಾರ ಬೆಳಿಗ್ಗೆ ಲಕ್ಷಿತ್ ಫೋನ್ ಮಾಡಿದ. “ಅಕ್ಕ, ಮೆಷಿನ್ ಇವತ್ತು ಫ್ರೀ ಉಂಟು. ನಾಳೆಯಿಂದ ಹೆಬ್ರಿಯಲ್ಲಿ ಕೆಲಸ, ಮತ್ತೆ ಯಾವಾಗ ಅಂತ ಹೇಳಲಿಕ್ಕಾಗುವುದಿಲ್ಲ.”

ವಿಜೇತಾ ಅಮ್ಮನ ಕೋಣೆಗೆ ಹೋದಳು. ಮನೋರಮಾ ಕಣ್ಣು ಮುಚ್ಚಿಕೊಂಡೇ ಹೇಳಿದರು, “ಬರಲಿ. ಹೂ ಬಿಟ್ಟ ಮೇಲೆ ಕಡಿದರೆ ಪಾಪ.”

ಸುಕೇಶ್ ಅಷ್ಟರಲ್ಲಿ ಕಾರ್ಕಳದ ಬಸ್ಸು ಹತ್ತಿದ್ದ. ಟೆರೇಸಿಗೆ ತಾಗಿದ ಹಂಚಿನ ಕೋಣೆಯ ಮೇಲೆ ಕೊಂಬೆ ಬಿದ್ದು ಹಂಚು ಒಡೆದರೆ ಎಂದು ವಿಜೇತಾ ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನೆಲ್ಲ ಹೊರಗೆ ತಂದು ಅಂಗಳದಲ್ಲಿ ಸಾಲಾಗಿ ಇಟ್ಟಳು. ಧೂಳು ಬರಬಾರದೆಂದು ಅಮ್ಮನ ಕೋಣೆಯ ಕಿಟಕಿಗಳನ್ನು ಹಾಕಿದಳು. ಲಕ್ಷಿತ್ ಕೊಂಬೆಗೆ ಹಗ್ಗ ಕಟ್ಟಿ, ತುದಿಯಿಂದ ಬುಡದ ಕಡೆಗೆ ತುಂಡು ತುಂಡಾಗಿ ಇಳಿಸಿದ. ಮೆಷಿನಿನ ಸದ್ದು ಗದ್ದೆಯ ಆಚೆಯವರೆಗೂ ಹೋಯಿತು. ತುಂಡುಗಳನ್ನು ಅವನು ಅಂಗಳಕ್ಕೆ ಬರುವ ದಾರಿಯ ದಣಪೆಯ ಹತ್ತಿರ, ರಸ್ತೆಗೆ ಕಾಣುವ ಹಾಗೆ, ಒಪ್ಪವಾಗಿ ಪೇರಿಸಿದ. ಕಡಿದ ಜಾಗದಿಂದ ಸೊನೆಯ ವಾಸನೆ ಬರುತ್ತಿತ್ತು.

ಮೊದಲು ಬಂದದ್ದು ಆಚೆಮನೆಯ ಇಮೆಲ್ಡಾ. ಒಂದು ಕೈಯಲ್ಲಿ ಕಾಫಿಯ ಫ್ಲಾಸ್ಕ್, ಇನ್ನೊಂದರಲ್ಲಿ ಬಟ್ಟೆ ಮುಚ್ಚಿದ ಪಾತ್ರೆ. ದಣಪೆ ದಾಟುತ್ತಲೇ ವಿಜೇತಾಳನ್ನು ತಬ್ಬಿಕೊಂಡು ಅತ್ತರು.

“ನಿನ್ನೆ ರಾತ್ರಿಯೇ ಒಂದು ಮಾತು ಹೇಳಬಾರದಾ ವಿಜೇತಾ? ನಾನು ಎಂತ ದೂರದವಳಾ? ಒಲೆ ಹೊತ್ತಿಸಬೇಡ, ಬನ್ಸ್ ಮಾಡಿ ತಂದಿದ್ದೇನೆ.”

ವಿಜೇತಾಳಿಗೆ ಏನೂ ಹೊಳೆಯಲಿಲ್ಲ. ಒಳಗಿನಿಂದ, ಗೋಡೆ ಹಿಡಿದುಕೊಂಡು, ಶಾಲು ಹೊದ್ದು ಮನೋರಮಾ ಜಗಲಿಗೆ ಬಂದರು.

“ಎಂತ ಇಮೆಲ್ಡಾ? ಯಾರು ಹೋದದ್ದು?”

ಇಮೆಲ್ಡಾರ ಬಾಯಿ ತೆರೆದದ್ದು ಹಾಗೇ ಉಳಿಯಿತು. “ದೇವರೇ,” ಎಂದರು. ಆಮೇಲೆ, “ನೀವು, ಮನೋರಮಕ್ಕ. ನೀವೇ!”

“ನಾನಾ?” ಮನೋರಮಾ ಕುರ್ಚಿಗಳ ಸಾಲು ನೋಡಿದರು, ಕಟ್ಟಿಗೆ ನೋಡಿದರು, ಫ್ಲಾಸ್ಕ್ ನೋಡಿದರು. “ಹಾಗಾದರೆ ಕೂತುಕೋ. ಹೋದವಳೇ ಕಾಫಿ ಬಡಿಸುತ್ತೇನೆ.”

ಫೋನ್ ರಿಂಗಾಯಿತು. ಸುಕೇಶ್. “ಯಾರೋ ನನಗೆ ಸಂತಾಪ ಹೇಳ್ತಾರೆ ವಿಜೇತಾ. ನೀನು ಮೊದಲು ನನಗೆ ಅಲ್ವಾ ಹೇಳಬೇಕಾದ್ದು? ನಾನು ಬಸ್ಸು ಇಳಿದು ವಾಪಸ್ ಬರ್ತಾ ಇದ್ದೇನೆ.”

ವಿಜೇತಾ ಫೋನನ್ನು ಅಮ್ಮನ ಕಿವಿಗೆ ಹಿಡಿದಳು.

“ಸುಕೇಶ,” ಎಂದರು ಮನೋರಮಾ, “ಬರುವುದು ಬರ್ತೀಯಲ್ಲ, ಕಾಪು ಪೇಟೆಯಿಂದ ಕೆಮ್ಮಿನ ಔಷಧಿ ತಾ.”

ಸತ್ತವರ ಮನೆಯ ಜನ ಅಷ್ಟು ಬೇಗ ತಿರುಗಿ ಹೋಗುವುದಿಲ್ಲ. ಹಾಲಿನ ಡಿಪೋದಿಂದ ಫೌಸ್ಟಿನ್ ಬಂದ. ದಾರಿಯಲ್ಲಿ ಹೋಗುವಾಗ ಮಾವಿನ ಕಟ್ಟಿಗೆಯ ರಾಶಿಯನ್ನೂ ಕುರ್ಚಿಗಳನ್ನೂ ಮೊದಲು ನೋಡಿದವನು ಅವನೇ, ಡಿಪೋದಲ್ಲಿ ಹೇಳಿದವನೂ ಅವನೇ. “ನಾನು ಸತ್ತಿದ್ದಾರೆ ಅಂತ ಹೇಳಲಿಲ್ಲ. ಮಾವು ಕಡಿದಿದ್ದಾರೆ ಅಂತ ಮಾತ್ರ ಹೇಳಿದ್ದು,” ಎಂದು ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿದ. ಅದು ನಿಜವೇ. ಉಳಿದದ್ದನ್ನು ಊರೇ ತುಂಬಿಸಿಕೊಂಡಿತ್ತು. ವಾರ್ಡಿನ ವಾಟ್ಸ್ಯಾಪ್ ಗುಂಪಿನಲ್ಲಿ ಆಗಲೇ ಕೈ ಮುಗಿದ ಚಿತ್ರಗಳು ಬಂದಿದ್ದವು.

“ಓದು, ಓದು,” ಎಂದು ಮನೋರಮಾ ಮಗಳ ಹತ್ತಿರ ಹಟ ಹಿಡಿದರು. “ಪ್ಯಾಟ್ರಿಶಿಯಾ ಟೀಚರ್ ಎಂತ ಹಾಕಿದ್ದಾಳೆ?”

“‘ಕೈಗುಣ ಇದ್ದವರು. ಅವರು ನೆಡಲು ಕೊಟ್ಟ ಮಲ್ಲಿಗೆಯ ಗೆಲ್ಲು ಇಂದಿಗೂ ನಮ್ಮಲ್ಲಿ ಹೂ ಬಿಡುತ್ತದೆ.’”

“ಬದುಕಿದ್ದಾಗ ಒಂದು ದಿನ ಹೇಳಲಿಲ್ಲ ನೋಡು,” ಎಂದು ಮನೋರಮಾ ಇಮೆಲ್ಡಾರ ಕಡೆಗೆ ತಿರುಗಿ ಕಣ್ಣೊರೆಸಿಕೊಂಡರು. ನಗುವಿನಿಂದ ಬಂದ ನೀರು ಎಂದೇ ಎಲ್ಲರೂ ತಿಳಿದುಕೊಂಡರು.

ಉದ್ಯಾವರದಿಂದ ಸುಂದರ ಮಾವ ರಿಕ್ಷಾದಲ್ಲಿ ಬಂದಿಳಿದರು. ಬಿಳಿ ಪಂಚೆ, ಹೆಗಲ ಮೇಲೆ ಬೈರಾಸು. ಮನೋರಮಾರ ಚಿಕ್ಕಮ್ಮನ ಮಗ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕುಟುಂಬದ ಎಲ್ಲ ಸಾವುಗಳ ಮುಂದಾಳು. ಅಕ್ಕ ಕುರ್ಚಿಯಲ್ಲಿ ಕೂತು ಬನ್ಸ್ ತಿನ್ನುವುದನ್ನು ನೋಡಿ ಅವರು ಹೆಗಲಿನ ಬೈರಾಸು ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಸಿಟ್ಟು ವಿಜೇತಾಳ ಮೇಲೆ ತಿರುಗಿತು.

“ಮಕ್ಕಳಿಗೆ ಪಾಠ ಹೇಳುವವಳು ನೀನು! ಹಿತ್ತಿಲಿನ ಮಾವು ಕಡಿಯುವ ಮೊದಲು ನಾಲ್ಕು ಮನೆಗೆ ಹೇಳಬೇಕು ಅಂತ ಗೊತ್ತಿಲ್ವಾ?”

“ಕೊಂಬೆ ಮಾತ್ರ ಮಾವ…”

“ಕೊಂಬೆಗೆ ಬೇರೆ ಸದ್ದು, ಮರಕ್ಕೆ ಬೇರೆ ಸದ್ದು ಉಂಟಾ?”

ವಿಜೇತಾ ತಲೆ ತಗ್ಗಿಸಿದಳು. ನೆರಳು ಎಲ್ಲಿ ಬೀಳುತ್ತದೆ ಎಂದು ಅವಳು ಅಳೆದದ್ದು ತನ್ನ ಟೆರೇಸಿನ ಮೇಲೆ ಮಾತ್ರ. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು, ಆಸ್ಪತ್ರೆಯಿಂದ ಬಂದ ಮರುದಿನವೇ ಅಮ್ಮನನ್ನು ಈ ಕುರ್ಚಿಗಳ ನಡುವೆ ಕೂರಿಸಿದೆನಲ್ಲ ಎಂಬುದು. ಅಮ್ಮ ದಣಪೆಯ ಬಳಿಯ ರಾಶಿಯನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಈಗ ನಗು ಇರಲಿಲ್ಲ.

“ಸುಂದರ,” ಎಂದರು ಮನೋರಮಾ, “ಅದು ಸಾಕಾಗ್ತದಾ?”

“ಯಾವುದು ಅಕ್ಕ?”

“ಆ ಕಟ್ಟಿಗೆ. ನನಗೆ.”

ಇಮೆಲ್ಡಾ ಶಿಲುಬೆಯ ಗುರುತು ಮಾಡಿಕೊಂಡರು. ಸುಂದರ ಮಾವ ಮಾತ್ರ, ಅಭ್ಯಾಸ ಬಲದಿಂದ, ರಾಶಿಯ ಹತ್ತಿರ ಹೋಗಿ ಒಂದು ತುಂಡನ್ನು ಎತ್ತಿ ಭಾರ ನೋಡಿ ಕೆಳಗಿಟ್ಟರು.

“ಹಸಿ ಉಂಟು. ಇವತ್ತಿಗೆ ಸಾಲದು.”

“ಇವತ್ತಿಗಲ್ಲ ಮಾರಾಯ.”

“ಒಣಗಿದರೆ ಸಾಕು. ಈಗ ರುದ್ರಭೂಮಿಯಲ್ಲಿ ಸುಡಲಿಕ್ಕೆ ಕಬ್ಬಿಣದ ಪೆಟ್ಟಿಗೆ ಉಂಟಲ್ಲ, ಹಿಂದಿನಷ್ಟು ಕಟ್ಟಿಗೆ ಬೇಡ. ನೀವೂ ಎಂತ ತೂಕ ಇದ್ದೀರಿ?” ಎಂದವರು ತಾನು ಏನು ಹೇಳುತ್ತಿದ್ದೇನೆ ಎಂದು ಹೊಳೆದು ತಡೆದರು. “ಎಂತ ಮಾತು ಅಕ್ಕ ಇದು, ಕಾಯಿಲೆಯಿಂದ ಎದ್ದು ಬಂದು!”

“ಹಾಗಾದರೆ ನನ್ನ ಪಾಲು ಬಂತು,” ಎಂದರು ಮನೋರಮಾ. “ಮರವನ್ನು ಇನ್ನು ಯಾರೂ ಮುಟ್ಟಬೇಡಿ. ನಾನು ಹೋದ ದಿನವೂ. ವಿಜೇತಾ, ಅದನ್ನು ಕಟ್ಟಿಗೆ ಕೊಟ್ಟಿಗೆಯಲ್ಲಿ ಒಣಗಲಿಕ್ಕೆ ಹಾಕು.”

“ಮನೆಯಲ್ಲಿ ಮೊದಲೇ ಕಟ್ಟಿಗೆ ಇಡುವುದಾ?” ಸುಂದರ ಮಾವನ ಸ್ವರ ಏರಿತು. “ಅಂಥ ಕ್ರಮ ಇಲ್ಲ. ಆ ದಿನವೇ ಕಡಿಯಬೇಕು.”

“ನಿನ್ನ ಭಾವನಿಗೆ ಆ ದಿನವೇ ಕಡಿದದ್ದಲ್ವಾ ನೀನು? ಆಟಿಯ ಮಳೆಯಲ್ಲಿ. ಎಷ್ಟು ತುಪ್ಪ ಹಾಕಿದರೂ ಬೆಂಕಿ ಹಿಡಿಯಲಿಲ್ಲ. ನೀವೆಲ್ಲ ಗದ್ದೆಯ ಬದಿ ಚಿತೆಯ ಹತ್ತಿರ ಕೊಡೆ ಹಿಡಿದು ನಿಂತಿದ್ದಿರಿ. ನಾನು ಪಡುಬದಿಯ ಕೋಣೆಯಲ್ಲಿ ಕೂತದ್ದು. ಹೊಗೆ ಎಲ್ಲ ಒಳಗೆ ಬಂತು. ಕತ್ತಲಾದರೂ ಬರ್ತಾ ಇತ್ತು.” ಮನೋರಮಾ ಶಾಲು ಸರಿಮಾಡಿಕೊಂಡರು. “ಈ ಹುಡುಗಿ ಬಾಯಿ ಮುಚ್ಚಿ ಕೆಮ್ಮುತ್ತಾ ನನ್ನ ಹತ್ತಿರ ಕೂತಿದ್ದಳು. ಇನ್ನೊಮ್ಮೆ ಅವಳಿಗೆ ಅದು ಬೇಡ.”

ಸುಂದರ ಮಾವ ಕುರ್ಚಿಯಲ್ಲಿ ಕೂತು ಬೈರಾಸನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು. ಆ ದಿನದ ಮುಂದಾಳುತನ ಅವರದ್ದೇ ಆಗಿತ್ತು.

“ಮತ್ತೆ, ಅವಳು ಕೇಳಬೇಕು ಅಂತ ಇದ್ದಾಳೆ,” ಮನೋರಮಾ ಮಗಳ ಕಡೆಗೆ ನೋಡದೆ ಮುಂದುವರಿಸಿದರು. “ಮರದ ಬುಡದಲ್ಲಿ ನಿಲ್ತಾಳೆ, ನನ್ನ ಮುಖ ನೋಡ್ತಾಳೆ, ಒಳಗೆ ಹೋಗ್ತಾಳೆ. ಎಮ್ಮೆಯ ವಿಷಯ ದಿನವಿಡೀ ಮಾತಾಡ್ತಾಳೆ, ಇದು ಮಾತ್ರ ಇಲ್ಲ. ನಾನು ಕುರುಡಿಯಾ?”

ವಿಜೇತಾ ಎದ್ದು ಒಳಗೆ ಹೋದಳು. ಇಮೆಲ್ಡಾರ ಪಾತ್ರೆ ತೊಳೆಯುವ ನೆಪ ಇತ್ತು. ನಲ್ಲಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಬಿಟ್ಟಳು. ಆ ಮನೆಯಲ್ಲಿ ನೀರು ಹಾಗೆ ಹರಿದದ್ದು ಬಹಳ ಕಾಲದ ಮೇಲೆ.

ಸುಕೇಶ್ ಔಷಧಿಯ ಬಾಟಲಿ ಹಿಡಿದು ಓಡುತ್ತಾ ಬಂದಾಗ ಅಂಗಳದಲ್ಲಿ ಸುಂದರ ಮಾವ ಮತ್ತು ಫೌಸ್ಟಿನ್ ತುಂಡುಗಳನ್ನು ಹೊತ್ತು ಕೊಟ್ಟಿಗೆಗೆ ಸಾಗಿಸುತ್ತಿದ್ದರು. “ಹೀಗೆ ಒತ್ತಾಗಿ ಇಡಬೇಡ,” ಎಂದು ಸುಂದರ ಮಾವ ಫೌಸ್ಟಿನ್‌ಗೆ ಗದರುತ್ತಿದ್ದರು. “ನಡುವೆ ಗಾಳಿ ಹೋಗಬೇಕು. ಕ್ರಮ ಇಲ್ಲ, ಆದರೂ ಇಡುವುದಾದರೆ ಸರಿಯಾಗಿ ಇಡುವ.”

ಡಿಸೆಂಬರಿನಲ್ಲಿ ಪ್ಯಾನೆಲ್‌ಗಳು ಬಂದವು. ಜೋಡಿಸುತ್ತಾ ರಾಯ್‌ಸ್ಟನ್ ಹೇಳಿದ, “ಈ ಗಾಯದಿಂದ ಮತ್ತೆ ಚಿಗುರುತ್ತದೆ ಮೇಡಂ. ಕೆಲವು ವರ್ಷ ಬಿಟ್ಟು ಮತ್ತೊಮ್ಮೆ ಕಡಿಸಬೇಕಾದೀತು.”

“ಕಡಿಸುವುದಿಲ್ಲ. ಆ ಬದಿಯ ಎರಡು ಪ್ಯಾನೆಲ್‌ಗಳನ್ನು ಕಟ್ಟಿಗೆ ಕೊಟ್ಟಿಗೆಯ ಮಾಡಿಗೆ ಹಾಕಿ. ಬೇರೆ ಸಾಲು ಮಾಡಿ.”

“ಅಲ್ಲಿ ದಿಕ್ಕು ಅಷ್ಟು ಒಳ್ಳೆಯದಿಲ್ಲ. ಕರೆಂಟು ಕಡಿಮೆ ಬರ್ತದೆ.”

“ಗೊತ್ತುಂಟು.”

ಕಟ್ಟಿಗೆ ಒಣಗಿತು. ಮಾರ್ಚಿನ ಬಿಸಿಗೆ ತುಂಡುಗಳ ತುದಿ ಬಿರಿದು ತೊಗಟೆ ಸಡಿಲವಾಯಿತು. ಮೊದಮೊದಲು ವಿಜೇತಾ ಕೊಟ್ಟಿಗೆಯ ಕಡೆಗೆ ಹೋಗಬೇಕಾದಾಗ ಬೇರೆ ಕಡೆ ನೋಡುತ್ತಿದ್ದಳು. ಹಸಿ ಕಟ್ಟಿಗೆಯ ಬಿಸಿಯ ದೊಡ್ಡ ಪಾಲು ಅದರೊಳಗಿನ ನೀರನ್ನು ಆವಿ ಮಾಡುವುದರಲ್ಲೇ ಮುಗಿಯುತ್ತದೆ ಎಂದು ಅವಳು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದಳು. ಆ ಪಾಠವನ್ನು ಈ ವರ್ಷ ಹೇಳುವಾಗ ನಡುವೆ ಒಮ್ಮೆ ನಿಲ್ಲಿಸಿ ನೀರು ಕುಡಿದಳು. ಬೇಸಿಗೆ ಕಳೆಯುವಷ್ಟರಲ್ಲಿ ಕೊಟ್ಟಿಗೆಗೆ ಹೋಗಿ ತೆಂಗಿನಸಿಪ್ಪೆ ತರುವುದು ಸುಮ್ಮನೆ ಒಂದು ಕೆಲಸವಾಯಿತು. ರಾಶಿ ಅಲ್ಲಿ ಇರುತ್ತಿತ್ತು, ಅಷ್ಟೆ. ಮಾವಿನಲ್ಲಿ ಆ ವರ್ಷ ಕಾಯಿ ಕಡಿಮೆ. ಗಾಯದ ಸುತ್ತ ತಾಮ್ರದ ಬಣ್ಣದ ಚಿಗುರು ಮಾತ್ರ ತುಂಬ ಬಂದಿತ್ತು.

ಜೂನಿನ ಮೊದಲ ದೊಡ್ಡ ಮಳೆಗೆ ಕರೆಂಟು ಹೋಯಿತು. ಕಂಬ ಬಿದ್ದಿತ್ತಂತೆ. ಮೋಡದಲ್ಲಿ ಪ್ಯಾನೆಲ್‌ಗಳಿಂದಲೂ ಉಪಯೋಗವಿಲ್ಲ. ವಿಜೇತಾ ಕಾಲೇಜಿನಿಂದ ಒದ್ದೆಯಾಗಿ ಬಂದಾಗ ಬಚ್ಚಲುಮನೆಯ ಹಂಡೆಯ ಒಲೆ ಉರಿಯುತ್ತಿತ್ತು. ಅಮ್ಮ ಅದರ ಮುಂದೆ ಮಣೆ ಹಾಕಿ ಕೂತಿದ್ದರು. ತೆಂಗಿನಸಿಪ್ಪೆಯೆಲ್ಲ ಮಳೆಯ ಇರಚಲಿಗೆ ನೆನೆದು ಚಂಡಿಯಾಗಿತ್ತು. ಒಲೆಯಲ್ಲಿ ಇದ್ದದ್ದು ದಪ್ಪದ ಒಂದೇ ತುಂಡು. ಅದರ ಬಿರುಕು ವಿಜೇತಾಳಿಗೆ ಗುರುತಿತ್ತು.

“ಅಮ್ಮ, ಅದು…”

“ಗೊತ್ತುಂಟು. ಒಂದೇ ತುಂಡು. ಸರಿಯಾಗಿ ಒಣಗಿದ್ದಾ ಅಂತ ನೋಡಬೇಡವಾ?”

ವಿಜೇತಾ ಚೀಲ ಕೆಳಗಿಟ್ಟು ಅಮ್ಮನ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತಳು. ಉರಿ ಮೌನವಾಗಿ, ಒಂದೇ ಸಮನೆ, ಹಂಡೆಯ ತಳವನ್ನು ನೆಕ್ಕುತ್ತಿತ್ತು. ಹೊರಗೆ ಮಳೆ ಮಾವಿನ ಎಲೆಗಳ ಮೇಲೆ ಬಿದ್ದು ಆಮೇಲೆ ನೆಲಕ್ಕೆ ಇಳಿಯುವ ಸದ್ದು.

“ಹೇಗುಂಟು?” ಎಂದು ಕೇಳಿದಳು.

“ಒಳ್ಳೆ ಉರಿತದೆ. ಹೊಗೆ ಇಲ್ಲ ನೋಡು,” ಎಂದರು ಮನೋರಮಾ. ತುಂಡನ್ನು ಸ್ವಲ್ಪ ಒಳಗೆ ದೂಡಿದರು. “ನೀರು ಬೇಕಾದಷ್ಟು ಕಾದಿದೆ. ಚಳಿ ಹಿಡಿಯುವ ಮೊದಲು ನೀನೇ ಮಿಂದು ಬಾ. ನಾನು ಆಮೇಲೆ.”